ಗಂಟೆಗೊಂದು ಅಂಕಿ

ಜೂನ್ 9, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಮತ್ತೆ ಅದೇ ಕೋಣೆ. ಮೇಜು, ಎರಡು ಕುರ್ಚಿ, ರೇಡಿಯೊ, ಗೋಡೆ ಗಡಿಯಾರ. ಕಿಟಕಿಯಾಚೆ ಹೊಳೆ, ಹೊಳೆಯಲ್ಲಿ ಅಳತೆ ಕಂಬ, ಕಂಬದ ಮೇಲೊಂದು ಕಾಗೆ. ಇಂಟರ್ನ್‌ಶಿಪ್ಪಿನ ಎಂಟನೇ ದಿನ. ಇವತ್ತಿನ ಸಾಧನೆ: ಲಾಗ್ ಪುಸ್ತಕಕ್ಕೆ ಗೆರೆ ಹಾಕಿದ್ದು, ಪೆನ್ಸಿಲ್ ಚೂಪು ಮಾಡಿದ್ದು.

ಕ್ಲಾಸಿನವರೆಲ್ಲ ಎಲ್ಲೆಲ್ಲಿದ್ದಾರೆ! ಒಬ್ಬಳು ರಾಯಭಾರ ಕಚೇರಿಯಲ್ಲಿ. ಒಬ್ಬ ನ್ಯೂಸ್ ಏಜೆನ್ಸಿಯಲ್ಲಿ. ನನಗೆ ನದಿ ಇಲಾಖೆಯ ರೇಡಿಯೊ ರೂಮು. ಚೀಟಿ ಎತ್ತಿದ್ದು ನಾನೇ. ಯಾರನ್ನು ಬೈಯಲಿ?

ಕೆಲಸ ಇಷ್ಟೆ. ಹೊಳೆ ಆಚೆ ದೇಶದಿಂದ ಇಳಿದು ಬರುತ್ತದೆ. ಮಳೆಗಾಲದಲ್ಲಿ ಗಂಟೆಗೊಮ್ಮೆ ಅಲ್ಲಿಯ ಠಾಣೆ ತನ್ನ ನೀರಿನ ಮಟ್ಟ ಹೇಳುತ್ತದೆ. ನಾವು ನಮ್ಮದು ಹೇಳುತ್ತೇವೆ. ಅವರ ಅಂಕಿಯಿಂದ ನಮಗೆ ನೆರೆಯ ಸುಳಿವು. ನಮ್ಮ ಅಂಕಿ ನೋಡಿ ಅವರು ಅಣೆಕಟ್ಟಿನ ಬಾಗಿಲು ಎಷ್ಟು ತೆಗೆಯಬೇಕೆಂದು ತೀರ್ಮಾನಿಸುತ್ತಾರೆ. ಮಾತು ಇಬ್ಬರದೂ ಅಲ್ಲದ ಮೂರನೇ ಭಾಷೆಯಲ್ಲಿ. ಅದೂ ಬರೀ ಅಂಕಿ, ಮೀಟರಿನ ಲೆಕ್ಕ.

ರೇಡಿಯೊ ಅಕ್ಕ ಈ ಕುರ್ಚಿಗೆ ಬಂದು ಇಪ್ಪತ್ತೆರಡು ವರ್ಷ. ಆಚೆ ಮಾತಾಡುವುದು ಒಬ್ಬ ಗಂಡಸು, ಸ್ವಲ್ಪ ಮೂಗುದನಿ. ಹದಿನಾರು ವರ್ಷದಿಂದ ಅವನೇ ಅಂತೆ.

"ಹೆಸರೇನು ಅಕ್ಕ ಅವರದು?"

"ಯಾರಿಗೆ ಗೊತ್ತು. ಅಂಕಿ ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ, ನಿಯಮ."

"ಹದಿನಾರು ವರ್ಷ ಮಾತಾಡಿ ಹೆಸರೇ ಗೊತ್ತಿಲ್ವಾ?"

"ಸಂಸಾರ ಮಾಡಿದೋರಿಗೇ ಎಷ್ಟೋ ಗೊತ್ತಿರಲ್ಲ, ಸುಮ್ನಿರು ಮರಿ."

ಜೂನ್ 11

ಅಮ್ಮನ ಹೊಲಿಗೆ ಅಂಗಡಿಗೆ ದೊಡ್ಡಮ್ಮ ಬಂದಿದ್ದಳು. ಏನು ಓದ್ತಿದೀಯ ಅಂದಳು. ಅಂತರರಾಷ್ಟ್ರೀಯ ವ್ಯವಹಾರ ಅಂದೆ.

"ಓ, ಎಕ್ಸ್‌ಪೋರ್ಟು!"

ಅಮ್ಮ ಹೊಲಿಗೆ ಮಿಷನ್ ನಿಲ್ಲಿಸದೆಯೇ ಹೇಳಿದಳು: "ಅದಲ್ಲಕ್ಕ. ಇತಿಹಾಸ, ಅರ್ಥಶಾಸ್ತ್ರ, ಕಾನೂನು, ಭೂಗೋಳ, ಮೇಲೊಂದು ಭಾಷೆ. ಜನ ಎರಡು ದೋಣಿ ಮೇಲೆ ಕಾಲಿಟ್ಟೇ ಮುಳುಗ್ತಾರೆ. ಇವಳು ಐದರ ಮೇಲಿಟ್ಟಿದಾಳೆ."

ಅಂಗಡಿಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ ಎಂದಿತು. ಸುಳ್ಳೇನಲ್ಲವಲ್ಲ... ಐದು ಕಟ್ಟಡ, ಐವರು ಮೇಷ್ಟ್ರು, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೂರು ವರ್ಷವಾಯಿತು. ಎಲ್ಲವೂ ಅಷ್ಟಷ್ಟು ಗೊತ್ತು. ಯಾವುದೂ ಪೂರ್ತಿ ಗೊತ್ತಿಲ್ಲ.

ಜೂನ್ 24, ಮಂಗಳವಾರ

ಗಡಿಯಲ್ಲಿ ಗುಂಡು ಹಾರಿದೆ. ಸತ್ತವರಲ್ಲಿ ನಮ್ಮವರು ನಾಲ್ವರು, ಅವರ ಕಡೆಯವರು ಎಷ್ಟೋ. ರಾಯಭಾರಿ ವಾಪಸ್. ನದಿ ಒಪ್ಪಂದ ಅಮಾನತು. ಬೆಳಗಿನಿಂದ ಟೀವಿಯಲ್ಲಿ ಕಿರುಚಾಟ.

ಹತ್ತು ಗಂಟೆ. ಅಕ್ಕ ರೇಡಿಯೊ ಮುಂದೆ ಕೂತಿದ್ದಳು.

ಕರಕರ. ಆಮೇಲೆ ಅದೇ ಮೂಗುದನಿ. ನಾಲ್ಕು ಪಾಯಿಂಟ್ ಎರಡು.

ಅಕ್ಕ ತಿರುಗಿ ಹೇಳಿದಳು. ನಾಲ್ಕು ಪಾಯಿಂಟ್ ಎರಡು. ನಮ್ಮದು ಮೂರು ಪಾಯಿಂಟ್ ಆರು.

ಅಷ್ಟೆ. ಎರಡು ಸೈನ್ಯ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಅವುಗಳ ತಲೆಯ ಮೇಲಿನಿಂದ ಒಂದು ಅಂಕಿ ಹಾಗೇ ಹಾದು ಬಂತು. ಯಾರೂ ತಡೆಯಲಿಲ್ಲ. ಯಾರಿಗೂ ಗೊತ್ತೂ ಇಲ್ಲ.

ಜೂನ್ 25

ತಡೆಯಲು ಬಂದೇ ಬಂತು, ಕಾಗದ. 'ಒಪ್ಪಂದ ಹಾಗೂ ಅದರಡಿಯ ಸಕಲ ಸಂಪರ್ಕಗಳನ್ನು ಸ್ಥಗಿತಗೊಳಿಸತಕ್ಕದ್ದು.' ನಮ್ಮ ಠಾಣೆಯ ಇಂಜಿನಿಯರ್ ಸಾಹೇಬರು ಅದನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ. ಆದರೆ ಇಲಾಖೆಯ ಮೊಹರು ಕಂಡರೆ ಕೈಕಾಲು ತಣ್ಣಗಾಗುತ್ತವೆ.

"ನಾಳೆ ಸಂಜೆ ಐದಕ್ಕೆ ಸೆಟ್ ಆಫ್ ಮಾಡಿಬಿಡೋಣ."

ಅಕ್ಕ ರೇಡಿಯೊ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.

ಕಾಗದದ ಪ್ರತಿ ಕೇಳಿದೆ. "ನಿನಗ್ಯಾಕಮ್ಮ?" "ಪ್ರಾಜೆಕ್ಟಿಗೆ ಸರ್." ಬಾಯಿಗೆ ಬಂದದ್ದು ಹೇಳಿದೆ. 'ಅದರಡಿಯ' ಅನ್ನುವ ಒಂದು ಪದ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಈ ರೇಡಿಯೊ ಯಾವುದರ ಅಡಿಯದು? ಯಾರಿಗೂ ಗೊತ್ತಿರಲಿಲ್ಲ.

ನೆಟ್ಟಗೆ ಇತಿಹಾಸದ ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, "ಬಾ" ಎಂದು ದಾಖಲೆ ಕೋಣೆಗೆ ಕರೆದೊಯ್ದರು. ಮೂರು ತಾಸು ಧೂಳು. ಕೊನೆಗೆ ಸಿಕ್ಕಿತು — ಕಂದು ಹಾಳೆ, ಎರಡೇ ಪುಟ. ನೀರಿನ ಮಟ್ಟ ತಿಳಿಸುವ ಪತ್ರ. ಒಪ್ಪಂದಕ್ಕಿಂತ ಹನ್ನೊಂದು ವರ್ಷ ಹಿರಿಯದು! ಸಹಿ ಮಂತ್ರಿಗಳದ್ದಲ್ಲ, ಎರಡೂ ಕಡೆಯ ಇಬ್ಬರು ನದಿ ಇಂಜಿನಿಯರುಗಳದ್ದು. ಹಿಂದೆ ಒಂದು ಪಟ್ಟಿ ಹೊಲಿದಿದ್ದರು. ಆ ವರ್ಷದ ನೆರೆಯಲ್ಲಿ ಸತ್ತವರು. ನಮ್ಮವರು, ಅವರ ಕಡೆಯವರು, ಒಂದೇ ಪಟ್ಟಿಯಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿ. ದೇಶ ಬರೆದಿಲ್ಲ.

ಹೆಸರಿನ ಮೇಲೆ ಬೆರಳಾಡಿಸಿದೆ. ಯಾರು ಯಾವ ಕಡೆಯವರೋ ತಿಳಿಯಲಿಲ್ಲ. ಮೇಡಂಗೂ ತಿಳಿಯಲಿಲ್ಲ.

ಪತ್ರದಲ್ಲಿ ಒಂದು ಸಾಲು: ಅಲ್ಲಿಂದ ಇಲ್ಲಿಗೆ ನೀರಿಗೆ ಒಂಬತ್ತು ತಾಸಿನ ದಾರಿ. ಭೂಗೋಳದಲ್ಲಿ ಇಳಿಜಾರಿನ ಲೆಕ್ಕ ಮಾಡುವಾಗ ಆಕಳಿಸಿದ್ದೆ. ಈ ಒಂಬತ್ತು ತಾಸಿಗಾಗಿ ಇಬ್ಬರು ಗುಮಾಸ್ತರಂಥ ಇಂಜಿನಿಯರುಗಳು ತಮ್ಮ ತಮ್ಮ ಸರ್ಕಾರವನ್ನು ಕೇಳದೆ ಕೈಕುಲುಕಿದ್ದಾರೆ. ಆಮೇಲೆ ಕಾನೂನು ಬಂದಿದೆ, ಅಣೆಕಟ್ಟು ಬಂದಿದೆ, ದುಡ್ಡು ಬಂದಿದೆ, ಜಗಳ ಬಂದಿದೆ. ಐದು ಕಟ್ಟಡಗಳ ನಡುವಿನ ಗೋಡೆಗಳು ಒಮ್ಮೆಲೇ ಬಿದ್ದು ಆಚೆ ಹೊಳೆ ಕಂಡ ಹಾಗಾಯಿತು. ಒಂದೇ ಹೊಳೆ. ಇಷ್ಟು ದಿನ ಐದು ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆನೇ?

ಜೂನ್ 26

ಎರಡೂ ಕಾಗದ ಸಾಹೇಬರ ಮೇಜಿನ ಮೇಲಿಟ್ಟೆ. "ಸರ್, ಅಮಾನತಾಗಿರೋದು ಒಪ್ಪಂದ. ಈ ಪತ್ರ ಅದರಡಿಯದಲ್ಲ. ಅದಕ್ಕಿಂತ ಮುಂಚಿನದು."

"ನೀನು ಲಾಯರಾ?"

"ಅಲ್ಲ ಸರ್. ಕಾನೂನು ಒಂದು ಪೇಪರ್ ಅಷ್ಟೆ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಮಗನ ಮೇಲಿನ ಸಿಟ್ಟಿಗೆ ಅಪ್ಪನ್ನ ಮನೆಯಿಂದಾಚೆ ಹಾಕ್ತಾರಾ ಸರ್?"

ಸಾಹೇಬರು ಎರಡೂ ಕಾಗದದ ತಾರೀಖು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಪೆನ್ನು ತೆಗೆದು ಮೇಲಿನವರಿಗೆ ಬರೆದರು: 'ಸ್ಪಷ್ಟೀಕರಣ ಕೋರಿದೆ. ಉತ್ತರ ಬರುವವರೆಗೆ ಸದ್ಯದ ಪದ್ಧತಿ ಮುಂದುವರಿಯುವುದು.'

"ಉತ್ತರ ಎಷ್ಟು ದಿನಕ್ಕೆ ಬರುತ್ತೆ ಸರ್?"

"ನಮ್ಮ ಇಲಾಖೆಯಿಂದಾ? ಮಳೆಗಾಲ ಮುಗಿಯುತ್ತೆ ಬಿಡು." ಸಣ್ಣಗೆ ನಕ್ಕರು. ಅವರು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು.

ಕುಣಿಯುತ್ತ ರೇಡಿಯೊ ರೂಮಿಗೆ ಬಂದೆ. ಹನ್ನೆರಡು ಹೊಡೆಯಿತು. ಆಚೆಯಿಂದ ದನಿ ಬರಲಿಲ್ಲ. ಒಂದಕ್ಕೂ ಇಲ್ಲ.

ಅವರಿಗೂ ಒಂದು ಕಾಗದ ಬಂದಿರುತ್ತದೆ. ಅಲ್ಲಿ ಅದನ್ನು ಪದ ಹಿಡಿದು ಓದುವವರು ಯಾರೂ ಇರಲಿಲ್ಲವೋ ಏನೋ.

ಜೂನ್ 30

ಐದನೇ ದಿನ. ಬರೀ ಕರಕರ. ಅಕ್ಕ ಮಾತ್ರ ಗಂಟೆಗೊಮ್ಮೆ ನಮ್ಮ ಅಂಕಿ ಹೇಳುತ್ತಲೇ ಇದ್ದಾಳೆ.

"ಯಾರಿಗೆ ಹೇಳ್ತಿದೀರಿ ಅಕ್ಕ?"

"ಬಾಯಿ ಕಟ್ಟಿದ್ರೆ ಕಿವಿನೂ ಕಟ್ಟಿರ್ತಾರಾ? ಕೇಳಿಸ್ಕೊಳ್ತಿರ್ತಾನೆ."

ಮಳೆ.

ಜುಲೈ 2, ಬುಧವಾರ, ಬೆಳಿಗ್ಗೆ 8.05

ಬಂತು! ದನಿ ಬಂತು. ಅವನೇ. ಎಂಟು ಪಾಯಿಂಟ್ ಒಂಬತ್ತು.

ಅಕ್ಕನ ಪೆನ್ಸಿಲ್ ನಿಂತಿತು. ಅಲ್ಲಿ ಒಂಬತ್ತು ಮುಟ್ಟಿದರೆ ಇಲ್ಲಿ ಕೆಳಗಿನ ಓಣಿಗೆ ನೀರು. ಅಮ್ಮನ ಅಂಗಡಿ, ನಮ್ಮ ಮನೆ, ಎಲ್ಲ ಕೆಳಗಿನ ಓಣಿಯಲ್ಲೇ. ಬೆಳಿಗ್ಗೆ ಎಂಟಕ್ಕೆ ನೀರಿನ ದಾರಿಯ ಒಂಬತ್ತು ತಾಸು ಕೂಡಿದರೆ ಸಂಜೆ ಐದು. ಸಾಹೇಬರು ಸೈರನ್ನಿಗೆ ಓಡಿದರು.

ಅಮ್ಮನಿಗೆ ಫೋನ್.

"ಹೊಳೆ ಇನ್ನೂ ಮೆಟ್ಟಿಲಿಗೇ ಬಂದಿಲ್ಲ ಕಣೇ. ಯಾರು ಹೇಳಿದ್ದು ನಿಂಗೆ?"

"ಆಚೆಯವರು."

"ಆಚೆಯವರಾ? ಮೊನ್ನೆ ಗುಂಡು ಹಾರಿಸಿದೋರಾ?"

"ಹೌದಮ್ಮ. ಅವರೇ."

ಮಿಷನ್ ನಿಂತ ಸದ್ದು.

"ಎಷ್ಟು ಗಂಟೆಗೆ ಅಂದ್ರು?"

"ಐದಕ್ಕೆ."

"ಸರಿ. ಫೋನ್ ಇಡು."

10.03

ಹತ್ತು ಪಾಯಿಂಟ್ ನಾಲ್ಕು. ಸ್ಥಿರ ದನಿ, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವ ಹಾಗೆ. ಇದನ್ನು ಹೇಳಲು ಅವನಿಗೆ ಅಪ್ಪಣೆ ಇದೆಯೇ? ಇರಲಿಕ್ಕಿಲ್ಲ. ನಾನು ಎರಡು ಕಾಗದ, ಒಬ್ಬ ಮೇಡಂ, ಒಬ್ಬ ಸಾಹೇಬರನ್ನು ಬೆನ್ನಿಗಿಟ್ಟುಕೊಂಡು ವಾದಿಸಿದೆ. ಅವನು ಒಬ್ಬನೇ ಮೈಕಿನ ಗುಂಡಿ ಒತ್ತಿದ್ದಾನೆ.

11.04

ಹನ್ನೊಂದು ಪಾಯಿಂಟ್ ಮೂರು. ಅವನ ದನಿಯ ಹಿಂದೆ ಬೇರೆ ಸದ್ದು. ಅಕ್ಕ ಕಿವಿಗೊಟ್ಟು ಕೇಳಿದಳು. "ನೀರು," ಅಂದಳು. "ಕೋಣೆ ಒಳಗೆ."

12.06

ಮೊದಲ ಬಾರಿ ಅಂಕಿಯಲ್ಲದ ಮಾತು. "ಕಂಬ ಮುಳುಗಿದೆ. ಅಂದಾಜು ಹನ್ನೆರಡೂವರೆ." ಅಕ್ಕ ತಿರುಗಿ ಹೇಳಿದಳು. ಅವನು "ಸರಿ" ಅಂದ. ಗುಂಡಿ ಬಿಟ್ಟ ಸದ್ದು.

ಒಂದು ಗಂಟೆಗೆ ಏನೂ ಇಲ್ಲ.

ಸಂಜೆ 5.20

ಕಾಲೇಜಿನ ಮೆಟ್ಟಿಲ ಮೇಲೆ ಇಡೀ ಕೆಳಗಿನ ಓಣಿ ಕೂತಿದೆ. ಮುದುಕರು, ಮಕ್ಕಳು, ಮೇಕೆ, ಒಂದು ಫ್ರಿಜ್. ಅಮ್ಮ ಆರರಲ್ಲಿ ನಾಲ್ಕು ಮಿಷನ್ ಹೊರಿಸಿಕೊಂಡು ಬಂದಿದ್ದಾಳೆ. ಎರಡು ಸಲ ತಲೆ ಎಣಿಸಿದೆವು. ಎಲ್ಲರೂ ಇದ್ದಾರೆ.

ಐದಾಗಿ ಹತ್ತು ನಿಮಿಷಕ್ಕೆ ಹೊಳೆ ಓಣಿಯ ಬಾಯಿಗೆ ಬಂತು. ಅವಸರವಿಲ್ಲದೆ, ಹೇಳಿ ಬಂದ ನೆಂಟರ ಹಾಗೆ ಒಂದೊಂದೇ ಹೊಸ್ತಿಲು ಹತ್ತಿತು. ಯಾರೂ ಕೂಗಲಿಲ್ಲ. ಅಮ್ಮ ನನ್ನ ಮುಂಗೈ ಹಿಡಿದಿದ್ದಳು.

"ಹೇಳಿದ ಗಂಟೆಗೇ ಬಂತಲ್ಲೇ..."

ಅಮ್ಮನ ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಜುಲೈ 4

ಮನೆಯೊಳಗೆ ಮೊಣಕಾಲುದ್ದ ಕೆಸರು. ಆಚೆಯಿಂದ ದನಿ ಇಲ್ಲ. ಅವರ ಠಾಣೆ ಇದೆಯೋ ಇಲ್ಲವೋ ಯಾರನ್ನು ಕೇಳುವುದು? ಕೇಳಲು ಇದ್ದ ದಾರಿ ಅದೊಂದೇ. ಅಮ್ಮ ಸಲಿಕೆ ಹಿಡಿದುಕೊಂಡೇ ಕೇಳುತ್ತಾಳೆ: "ಆ ಮನುಷ್ಯ ಮಾತಾಡಿದನಾ?"

ಜುಲೈ 7, ಸೋಮವಾರ, 9.10

ಮಾತಾಡಿದ. ಗಂಟಲು ಪೂರಾ ಕಟ್ಟಿದೆ, ಆದರೂ ಅದೇ ಮೂಗು. ಐದು ಪಾಯಿಂಟ್ ಮೂರು.

ಅಕ್ಕ ತಿರುಗಿ ಹೇಳಿದಳು. ನಮ್ಮ ಅಂಕಿಯನ್ನೂ ಹೇಳಿದಳು. ಆಮೇಲೆ ಗುಂಡಿ ಬಿಡಲಿಲ್ಲ. ಏನೂ ಮಾತಾಡಲೂ ಇಲ್ಲ. ಬೆರಳು ಒತ್ತಿಕೊಂಡೇ ಸುಮ್ಮನೆ ಕೂತಳು. ಅವಳ ಉಸಿರು ಆಚೆ ದೇಶಕ್ಕೆ ಹೋಗುತ್ತಿತ್ತು. ನಾಲ್ಕು ಸೆಕೆಂಡು, ಐದು...

ಬಿಟ್ಟಳು.

ಆಚೆಯಿಂದ ಗುಂಡಿ ಒತ್ತಿದ ಸದ್ದು. ಮಾತಿಲ್ಲ. ಅಷ್ಟೇ ಹೊತ್ತು. ಗುಂಡಿ ಬಿಟ್ಟ ಸದ್ದು.

ಅಕ್ಕ ಲಾಗ್ ಪುಸ್ತಕದಲ್ಲಿ ಅಂಕಿ ಬರೆದಳು. ಆ ಐದು ಸೆಕೆಂಡಿಗೆ ಕಾಲಂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಗೆರೆ ಸೊಟ್ಟ ಹಾಕಿದೀಯ ನೋಡು," ಎಂದು ನನ್ನನ್ನೇ ಗದರಿದಳು.

ಜುಲೈ 8, 9.57

ಅಕ್ಕ ಕುರ್ಚಿ ಬಿಟ್ಟು ಎದ್ದಳು. "ಬಾ, ಇವತ್ತು ಹತ್ತು ಗಂಟೆದು ನೀನು ಹೇಳು." ಆಗಲ್ಲ ಅಂದೆ. "ಓದಿದೀಯಲ್ಲ ಅಷ್ಟೊಂದು," ಅಂದಳು.

ಕೂತಿದ್ದೇನೆ. ಮೈಕ್ ಇನ್ನೂ ಬೆಚ್ಚಗಿದೆ. ಹತ್ತಾಗುವವರೆಗೆ ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಂಬ ಎರಡು ಸಲ ನೋಡಿದೆ. ನಾಲ್ಕು ಪಾಯಿಂಟ್ ಒಂದು. ನಾಲ್ಕು ಪಾಯಿಂಟ್ ಒಂದು. ಇನ್ನೊಂದು ಸಲ ನೋಡಿಬಿಡಲೇ — ಬೇಡ, ರೇಡಿಯೊದ ಕೆಂಪು ದೀಪ ಹತ್ತಿತು, ಅವರು ಶುರು ಮಾಡಿ