ಎಲ್ಲರಿಗೂ ಅದೇ ಗುಳಿಗೆ

ಮಾನ್ಯ ಆರೋಗ್ಯ ಅಧಿಕಾರಿಗಳೇ,

ವೈದ್ಯರ ಸಲಹೆಯಿಲ್ಲದೆ ಆ್ಯಂಟಿಬಯೋಟಿಕ್ ಸೇವಿಸಬೇಡಿ ಎಂದು ತಾವು ಕಮಲಾಪುರದಲ್ಲಿ ಹಾಕಿಸಿದ ಫಲಕ ಓದಿದೆ. ಸಂತೋಷ. ವೈದ್ಯರೇ ಕಂಡಕಂಡವರಿಗೆಲ್ಲ ಅದನ್ನು ಬರೆದುಕೊಟ್ಟರೆ ನಾವೇನು ಮಾಡಬೇಕೆಂದು ಮಾತ್ರ ಅದರಲ್ಲಿ ಇಲ್ಲ. ನನ್ನ ತಕರಾರು ಇಷ್ಟೇ.

ನಾನು ಬುಕ್ಕಸಾಗರದವಳು, ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿನವಳು. ದಿನವಿಡೀ ಕೆಸರಿನಲ್ಲಿ ನಿಲ್ಲುವ ನಮಗೆ ನೆಗಡಿ, ಕೆಮ್ಮು ಹೊಸದಲ್ಲ. ನಾವು ಹೋಗುವ ಖಾಸಗಿ ದವಾಖಾನೆಯಲ್ಲಿ ಯಾರು ಯಾವ ಕಾಯಿಲೆ ಹೇಳಿದರೂ ಡಾಕ್ಟರು ತಲೆ ಎತ್ತುವ ಮೊದಲೇ ಅದೇ ಗುಳಿಗೆ ಬರೆದಿರುತ್ತಿದ್ದರು. ಎಲ್ಲರ ಚೀಟಿಯೂ ಒಂದೇ ಆದಮೇಲೆ ಎಲ್ಲರೂ ಕೂಲಿ ಬಿಟ್ಟು ಹೋಗುವುದೇಕೆ? ಸರದಿ ಮಾಡಿಕೊಂಡೆವು. ಒಬ್ಬಳು ಹೋಗಿ ತರುವುದು, ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಉಪ್ಪಿನಕಾಯಿಯ ಹಾಗೆ ಎಲ್ಲರೂ ಹಂಚಿಕೊಳ್ಳುವುದು. ಇದರಲ್ಲಿ ತಪ್ಪಿದೆಯೆಂದು ನಮಗೆ ಯಾರು ಹೇಳಿದ್ದರು?

ಈಗ ನಮ್ಮ ಗುಂಪಿನಲ್ಲೇ ನಾಟಿ ಮಾಡುತ್ತಿದ್ದ ನನ್ನ ಅತ್ತೆ ಜಂಬವ್ವ ಉರಿಮೂತ್ರ, ಚಳಿಜ್ವರದಿಂದ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾರೆ. ಆ ಗುಳಿಗೆಯಷ್ಟೇ ಅಲ್ಲ, ಬೇರೆ ಗುಳಿಗೆಗಳೂ ಇವರ ಸೋಂಕಿನ ಮೇಲೆ ಕೆಲಸ ಮಾಡುತ್ತಿಲ್ಲ ಎಂದರು ಅಲ್ಲಿಯ ಡಾಕ್ಟರಮ್ಮ. ಉಳಿದಿರುವುದು ಸಲೈನಿನಲ್ಲಿ ಹಾಕುವ ಒಂದು ಔಷಧವಂತೆ. ಅದೂ ಕೆಲಸ ಮಾಡದಿದ್ದರೆ ಎಂದು ಕೇಳಿದೆ. ಅದಕ್ಕವರು, ಮನಬಂದಂತೆ ನುಂಗಿದ್ದೀರಿ ಎಂದು ಬೈದರು.

ಅತ್ತೆ ಹಾಸಿಗೆಯಿಂದಲೇ ಹೇಳಿದರು: "ಮನಸಿಗೆ ಬಂದಂಗ ನುಂಗಿಲ್ರಿ ಅಮ್ಮಾರ. ಡಾಕ್ಟ್ರು ಬರ್ದಿದ್ದ ನುಂಗೀವಿ. ಅವ್ರು ಎಲ್ಲಾರಿಗೂ ಅದನ್ನ ಬರೀತಾರ್ರಿ."

ಗಂಡನನ್ನು ಅಲ್ಲಿ ಕೂರಿಸಿ ಊರಿಗೆ ಬಂದರೆ ಮಗಳು ಗಂಗೋತ್ರಿಗೆ ನೆಗಡಿ, ಜ್ವರ. ಅದೇ ದವಾಖಾನೆಗೆ ಹೋದೆ; ಹತ್ತಿರದಲ್ಲಿ ಬೇರೆ ಯಾವುದಿದೆ? ಅದೇ ಔಷಧ ಬಂತು, ಬಾಟಲಿಯಲ್ಲೇ ನೀರು ಬೆರೆಸಿ ಮಕ್ಕಳಿಗೆ ಕುಡಿಸುವ ಪುಡಿಯ ರೂಪದಲ್ಲಿ. ಇದು ಬೇಕೇ ಬೇಕೇನ್ರಿ ಎಂದು ಕೇಳಿದ್ದಕ್ಕೆ ಡಾಕ್ಟರು, "ನೀನ ಡಾಕ್ಟ್ರಾಗಿದ್ರ ಇಲ್ಲಿಗ್ಯಾಕ ಬಂದಿ?" ಎಂದರು. ಕುಡಿಸಿದರೆ ನಾಳೆ ಅತ್ತೆಯ ಗತಿ ಇವಳಿಗೂ ಬಂದೀತು. ಕುಡಿಸದೆ ಜ್ವರ ನೆತ್ತಿಗೇರಿದರೆ, ವೈದ್ಯರ ಸಲಹೆ ಮೀರಿದವಳು ನಾನೇ. ಎರಡೂ ಕಡೆ ಬಾಗಿಲು ಹಾಕಿ ನಡುವೆ ನಿಲ್ಲಿಸಿದ್ದೀರಿ ಸ್ವಾಮಿ. ನನಗೆ ಭಯವಾಗಿದೆ.

ಬುದ್ಧಿ ಹೇಳುವ ಕೆಲಸವನ್ನು ಇನ್ನಾದರೂ ಡಾಕ್ಟರರ ಕೋಣೆಯಿಂದ ಶುರುಮಾಡಿ. ಯಾವ ರೋಗಕ್ಕೆ, ಯಾಕೆ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಯದೆ ಯಾರೂ ಆ್ಯಂಟಿಬಯೋಟಿಕ್ ಕೊಡಬಾರದೆಂದು ಆದೇಶಿಸಿ, ಹೊರರೋಗಿಗಳ ಸಾಲಿನಲ್ಲಿ ಒಂದು ದಿನ ತಾವೇ ಬಂದು ನಿಂತು ನೋಡಿ. ಅದಕ್ಕೆ ಕಾಲ ಹಿಡಿಯುತ್ತದೆ, ಬಲ್ಲೆ. ಆದರೆ ಮಗಳ ಮೈ ಸುಡುತ್ತಿದೆ. ಈ ಬಾಟಲಿಗೆ ನೀರು ಹಾಕಲೋ ಬೇಡವೋ, ಅದನ್ನಾದರೂ ಈಗಲೇ ಹೇಳಿ.

ಇಂತಿ,
ಹೇಳಿದಂತೆಲ್ಲ ಕೇಳಿ ಸಿಕ್ಕಿಬಿದ್ದ
ಸುಮಲತಾ, ಬುಕ್ಕಸಾಗರ