ಕೈಬ್ರೇಕಿಗೆ ಔಡಲೆಣ್ಣೆ

ಸವದತ್ತಿ, ೧೪ ಅಕ್ಟೋಬರ್ ೧೯೧೩, ಮಂಗಳವಾರ

ಸೀಗೇಕಾಯಿ ಹಾಕಿ ತಿಕ್ಕಿ ತಿಕ್ಕಿ ತೊಳೆದರೂ ಕೈಯ ಔಡಲೆಣ್ಣೆ ವಾಸನೆ ಹೋಗಿಲ್ಲ. ರೊಟ್ಟಿಯೂ ಅದನ್ನೇ ನಾರಿತು. ಥೂ!

ನಿನ್ನೆ ಅಂಗಳದ ಇಳಿಜಾರಿನಲ್ಲಿ ನಿಲ್ಲಿಸಿದ್ದ ಮೋಟಾರು, ಕೈಬ್ರೇಕು ಎಳೆದಿದ್ದರೂ, ತಾನೇ ಉರುಳಿತು. ಜೋಳ ಹಸನು ಮಾಡುತ್ತಿದ್ದ ಗುರವ್ವ ಚಿಗವ್ವ ಸ್ವಲ್ಪದರಲ್ಲಿ ಉಳಿದಳು. ಅವಳ ಮೊರ ಪುಡಿಯಾಯಿತು.

ಇವತ್ತು ನಾನೇ ಗಾಡಿಯ ಕೆಳಗೆ ಮಲಗಿ ಬಿಚ್ಚಿದೆ. ಗಾಲಿಯನ್ನು ಹಿಡಿದು ನಿಲ್ಲಿಸಬೇಕಾದ ತೊಗಲಪಟ್ಟಿ ಎಣ್ಣೆ ಕುಡಿದು, ಧೂಳು, ಹೊಟ್ಟು ಮೆತ್ತಿಕೊಂಡು, ಸತ್ತ ಹೆಗ್ಗಣದ ಹಾಗೆ ಲೊಳಲೊಳ ಅನ್ನುತ್ತಿತ್ತು. ನಮ್ಮ ಎತ್ತಿನ ಬಂಡಿ ನೋಡಿಕೊಳ್ಳುವ ಕಾಡಪ್ಪ ಕಾಕಾರ ಕೆಲಸ! ಮಹಾನವಮಿಗೆ ಬಂಡಿಯ ಅಚ್ಚಿಗೆ ಎಣ್ಣೆ ಹಾಕುವಾಗ ಇದಕ್ಕೂ ಸುರಿದಿದ್ದಾರೆ.

“ಎಷ್ಟ ಒದರತಿತ್ತಪಾ ಅದು! ಎಣ್ಣಿ ಬಿಟ್ಟ ಮ್ಯಾಲ ಗಪ್ಪಾತು” ಎಂದು ನಕ್ಕರು.

“ಕಾಕಾ, ಅದು ತಿಕ್ಕಿದ್ರನ ಗಾಲಿ ನಿಲ್ಲೂದು. ಇನ್ನ ಔಡಲೆಣ್ಣಿ ಮುಟ್ಟಿಸಬ್ಯಾಡ್ರಿ.”

“ಆತು ಬಿಡಪಾ.”

ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೂದಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿದೆ. ಗಾಡಿ ದೂಡಿಸಿ ಬ್ರೇಕು ಎಳೆದರೆ ಕಿರ್ರೆಂದು ನಿಂತಿತು. ಎಂಥ ಹಿತವಾದ ಸದ್ದು! ಜಳಕಕ್ಕೆ ಹೋದೆ.

ಬರುವಷ್ಟರಲ್ಲಿ ಕಾಕಾ ಗಾಡಿಯ ಕೆಳಗಿಂದ ತೆವಳಿ ಬರುತ್ತಿದ್ದರು, ಕೈಯಲ್ಲಿ ಬಟ್ಟಲು.

“ಮತ್ತ ಒದರಾಕ ಹತ್ತಿತ್ತು ನೋಡು. ನೀ ದಣದಿದ್ದಿ ಅಂತ ನಾನ ಮುಗಿಸೇನಿ. ಔಡಲೆಣ್ಣಿ ಬ್ಯಾಡ ಅಂದಿದ್ದಿ ಅಲ್ಲಾ? ದೇವರ ದೀಪದ ಕುಸುಬಿ ಎಣ್ಣಿ ಹಾಕೇನಿ.”

ಗಾಲಿಗೆ ಬೀಸುವ ಕಲ್ಲು ಒಡ್ಡಿ ಬಂದಿದ್ದೇನೆ. ಇನ್ನು ಆ ಕಲ್ಲು ಒದರದಿದ್ದರೆ ಸಾಕು.