ಚರೆ ಆರಿಸುವವಳ ಸಲಹೆ

ಬ್ರಿಡ್ಜ್‌ವಾಟರ್
ನವೆಂಬರ್ 17, 2024

ಪ್ರೀತಿಯ ಟೋನಿ,

ಬಾಗಿಲ ಹೊರಗೆ ಕೂಲರ್ ಇಟ್ಟು, ಬೆಲ್ ಕೂಡ ಮಾಡದೆ ಹೋಗಿದ್ದೀಯ. ಫೆಸೆಂಟ್ ಹಕ್ಕಿ ಸಿಕ್ಕಿತು, ನಿನ್ನ ಚೀಟಿಯೂ ಸಿಕ್ಕಿತು. ಶನಿವಾರ ಬೆಳಿಗ್ಗೆ ಹೊಡೆದದ್ದಂತೆ, ಈ ಸಲ ಹಕ್ಕಿಗಳು ದೂರದಲ್ಲೇ ಏಳುತ್ತಿವೆಯಂತೆ, ಬಂದೂಕಿಗೆ ಯಾವ ಚೋಕ್ ಹಾಕಲಿ ಎಂದು ಕೇಳಿದ್ದೀಯ. ಅದೂ ಕೋವಿ ಮುಟ್ಟದ ಹೆಂಡತಿಯನ್ನು! ಒಟ್ಟಿಗಿದ್ದಷ್ಟು ವರ್ಷ ಒಮ್ಮೆಯೂ ಕೇಳಿದವನಲ್ಲ. ಇರಲಿ, ಹೇಳುತ್ತೇನೆ.

ನಾನು ಕಲಿತದ್ದೆಲ್ಲ ಅಡುಗೆಮನೆಯ ಸಿಂಕಿನ ಹತ್ತಿರ. ನೀನು ತಂದ ಹಕ್ಕಿಯ ಮಾಂಸದಿಂದ ಕೋವಿಯ ಕಾಳಿನಂಥ ಚರೆ ಆರಿಸಿದವಳು ನಾನಲ್ಲವೇ? ನೀನು ನಳಿಗೆಯ ತುದಿಗೆ, ಚರೆ ಹರಡದಂತೆ ಹಿಡಿಯುವ ಆ ಬಿಗಿ ಚೋಕ್, ನಿನ್ನ ಮುದ್ದಿನ ಫುಲ್, ತಿರುಗಿಸಿಕೊಂಡು ಹೋಗುತ್ತಿದ್ದೆ. ನಮ್ಮ ನಾಯಿ ಬ್ರೂನೋ ಹಕ್ಕಿಯನ್ನು ನಿನ್ನ ಕಾಲಬುಡದಲ್ಲೇ ಎಬ್ಬಿಸುತ್ತಿದ್ದ. ಚರೆಗಳಿಗೆ ಹರಡಲು ಜಾಗವೇ ಸಿಗದೆ ಎಲ್ಲ ಒಂದೇ ಕಡೆ ಬಡಿದು ಎದೆಯ ಮಾಂಸ ಚಟ್ನಿಯಾಗುತ್ತಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದರೆ ಮುಖ ಊದಿಸುತ್ತಿದ್ದೆ. ಹತ್ತಿರದ ಹಕ್ಕಿಗೆ ಸಡಿಲ ಚೋಕೇ ಸರಿ. ಆದರೆ ಈಗ ಬ್ರೂನೋ ಇಲ್ಲ. ನಾಯಿಯಿಲ್ಲದೆ ಹುಲ್ಲಿನಲ್ಲಿ ನಡೆದರೆ ಹಕ್ಕಿ ದೂರದಲ್ಲೇ ಏಳುತ್ತದೆ. ಮಧ್ಯದ್ದು, ಮಾಡಿಫೈಡ್, ಹಾಕು.

ಚರೆ ಐದನೇ ನಂಬರ್ ತೆಗೆದುಕೋ, ಏಳೂವರೆ ಬೇಡ. ನಂಬರ್ ಹೆಚ್ಚಾದಷ್ಟೂ ಚರೆ ಸಣ್ಣದು. ಸಣ್ಣದಾದರೆ ಗರಿ ಸಮೇತ ಮಾಂಸದೊಳಗೆ ಅಡಗಿ ಕೂರುತ್ತದೆ, ಬೆರಳಿಗೆ ಸಿಗುವುದಿಲ್ಲ. ನಮ್ಮ ದಿಯಾಳ ಹಲ್ಲು ಮುರಿದದ್ದು ಅದರಿಂದಲೇ. ಅವತ್ತು ಅವಳ ಹಲ್ಲು ಬಿಟ್ಟು ನಾವಿಬ್ಬರೂ ಯಾರ ತಪ್ಪು ಅಂತ ಕಚ್ಚಾಡಿದ್ದೆವು. ಮಗಳೇ ನಮ್ಮನ್ನು ಸುಮ್ಮನಿರಿಸಬೇಕಾಯಿತು.

ಅವಳು ಕಾಲೇಜಿಗೆ ಹೋದಳು. ಸುಮ್ಮನಿರಿಸುವವರು ಇಲ್ಲದೆ ನಮ್ಮ ಜಗಳ ಬೆಳೆಯಿತು, ನೀನು ಸ್ವಲ್ಪ ದಿನಕ್ಕೆಂದು ಪಕ್ಕದ ಊರು ಪಿಸ್ಕಾಟವೇಯಲ್ಲಿ ಬೇರೆ ಅಪಾರ್ಟ್‌ಮೆಂಟ್ ಮಾಡಿದೆ. ಇದು ಎರಡನೇ ಚಳಿಗಾಲ. ಆರಾಮಾಗಿದ್ದೇನೆ ಎಂದು ಊರಿಗೆಲ್ಲ ಹೇಳುತ್ತೇನೆ, ನಿನಗೆ ಸುಳ್ಳು ಹೇಳಲಾರೆ. ಆಫೀಸಿನಿಂದ ಬಂದರೂ ಡ್ರೈವ್‌ವೇಯಲ್ಲಿ ಕಾರಿನೊಳಗೇ ಕೂತಿರುತ್ತೇನೆ. ಮನೆಯೊಳಗೆ ಲೈಟ್ ಹಾಕಬೇಕಾದವಳು ನಾನೇ ಎನ್ನುವುದು ಇನ್ನೂ ಅಭ್ಯಾಸವಾಗಿಲ್ಲ. ಒಬ್ಬಳಿಗಾಗಿ ಮಸಾಲೆ ಹುರಿಯಲು ಮನಸ್ಸಾಗದೆ ಬ್ರೆಡ್ ತಿಂದು ಮಲಗುತ್ತೇನೆ.

ಇವತ್ತು ಮಾತ್ರ ಹುರಿದೆ. ಫೆಸೆಂಟ್ ಸುಕ್ಕ ಮಾಡಿದೆ, ನೀನಿದ್ದಾಗಿನ ಅಳತೆಯಲ್ಲೇ. ನಿನ್ನ ಪಾಲು ಫ್ರೀಜರಿನಲ್ಲಿದೆ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ (ಇನ್ನೂ ಹೀಗೆ ಬರೆಯಬಹುದಾದರೆ)
ರಜನಿ

ಮ.ವಿ.: ಎಂದಿನಂತೆ ಚರೆ ಹಾಕಲು ಸ್ಟೀಲ್ ಬಟ್ಟಲು ಇಟ್ಟುಕೊಂಡು ಕೂತಿದ್ದೆ. ಇಡೀ ಹಕ್ಕಿಯನ್ನು ಬೆರಳಲ್ಲಿ ತಡಕಿದೆ. ಒಂದು ಚರೆಯೂ ಇಲ್ಲ, ಒಂದು ತೂತೂ ಇಲ್ಲ. ಯಾವ ಫಾರ್ಮಿನಿಂದ ಕೊಂಡು ತಂದೆ ಎಂದು ಕೇಳುವುದಿಲ್ಲ. ಮುಂದಿನ ಶನಿವಾರ ಹಕ್ಕಿ ಬೇಡ. ಬರಿಗೈಯಲ್ಲೇ ಬಾ, ಬೆಲ್ ಮಾಡು.